ಜಗಿದು ಬಿಟ್ಟ ಹುಲ್ಲು

ಕಿಟಕಿಗಾಜು ಸಾಗಿಸುವ ಗಾಡಿಗೆ ಎಲ್ಲ ಕುದುರೆಯೂ ಆಗಿಬರುವುದಿಲ್ಲ. ಓಡುವ ಕುದುರೆ ಬೇಡ, ಬೆದರುವ ಕುದುರೆ ಬೇಡ, ನಾಯಿ ಬೊಗಳಿದ ಕೂಡಲೇ ಪಕ್ಕಕ್ಕೆ ಹಾರುವಂಥದ್ದಂತೂ ಬೇಡವೇ ಬೇಡ. ನಾಲ್ಕು ಕಾಲೂ ಒಂದೇ ಹದದಲ್ಲಿ ನೆಲ ಮುಟ್ಟಬೇಕು. ಹಿಂದೆ ಗಾಡಿಯಲ್ಲಿ ಗಾಜಿದೆ ಎನ್ನುವುದು ಕುದುರೆಗೆ ಗೊತ್ತಿದೆಯೇನೋ ಅನ್ನುವ ಹಾಗೆ ನಡೆಯಬೇಕು. ನಮ್ಮ ಬೀದಿಯ ಗಾಜಕ್ಕನ ಹತ್ತಿರ ಇದ್ದದ್ದು ಅಂಥ ಕುದುರೆ.

ಗಾಜಕ್ಕ ಅವಳ ಹೆಸರಲ್ಲ. ಅವಳ ಗಂಡ ಮೂಲೆಯ ಗಾಜಿನ ಅಂಗಡಿಯಲ್ಲಿ ಗಾಜು ಕತ್ತರಿಸುತ್ತಿದ್ದ, ಅವಳು ಅದನ್ನು ಮನೆಮನೆಗೆ ಮುಟ್ಟಿಸುತ್ತಿದ್ದಳು. ಹಳೆಯ ಕೇರಿಗಳ ಓಣಿಗಳಿಗೆ ಲಾರಿ ನುಗ್ಗುವುದಿಲ್ಲ. ಗಾಡಿಯ ಮೇಲೆ ಮರದ ಚೌಕಟ್ಟು ಕೂರಿಸಿ, ಒಳಗೆ ಹಳೆಯ ಕಂಬಳಿ ಹೊದಿಸಿ, ಗಾಜಿನ ಹಾಳೆಗಳನ್ನು ಓರೆಯಾಗಿ ನಿಲ್ಲಿಸಿ ಹಗ್ಗ ಬಿಗಿಯುತ್ತಿದ್ದಳು. ತಾನು ಮಾತ್ರ ಗಾಡಿ ಹತ್ತುತ್ತಿರಲಿಲ್ಲ. ಕುದುರೆಯ ಪಕ್ಕದಲ್ಲೇ ನಡೆಯುತ್ತಿದ್ದಳು. "ನಾನು ಕತ್ತರಿಸ್ತೀನಿ, ಇವಳು ಒಡೀದೆ ತಲುಪಿಸ್ತಾಳೆ, ಇಷ್ಟೇ ನಮ್ಮ ಸಂಸಾರ" ಎಂದು ಗಂಡ ಹೇಳಿ ನಗುತ್ತಿದ್ದ.

ಕುದುರೆಯನ್ನು ತಂದುಕೊಟ್ಟವನು ಅವಳ ತಮ್ಮ. ಬಸ್ ನಿಲ್ದಾಣದ ಹಿಂದೆ ಅವನ ಕುಲುಮೆ. ಊರಿನ ಕುದುರೆಗಳಿಗೆಲ್ಲ ಲಾಳ ಹೊಡೆಯುವವನು ಅವನೇ. ಕುದುರೆಯ ಮುಖ ತೋರಿಸಿದರೆ ಯಾವುದೆಂದು ಹೇಳಲಾರ, ಗೊರಸು ತೋರಿಸಿದರೆ ಅದರ ಮುತ್ತಾತನ ತನಕ ಹೇಳುತ್ತಾನೆ ಎಂದು ಜನ ಆಡಿಕೊಳ್ಳುತ್ತಿದ್ದರು. ಅವನು ಲಾಳ ಹೊಡೆಯಲು ಹೋಗುತ್ತಿದ್ದ ಸವಾರಿ ಶಾಲೆಯಲ್ಲಿ ಒಂದು ಕಂದು ಕುದುರೆ ಇತ್ತು. ಅದರ ನಡಿಗೆಗೆ ಬೇಸತ್ತು ಕಲಿಯಲು ಬಂದ ಮಕ್ಕಳೇ ಇಳಿದು ಮುಂದೆ ಹೋಗಿಬಿಡುತ್ತಿದ್ದರಂತೆ. ಶಾಲೆಯವರು ಅದನ್ನು ಪುಕ್ಕಟೆ ಕೊಡಲು ಸಿದ್ಧರಿದ್ದರು. ತಮ್ಮ ಹಗ್ಗ ಹಿಡಿದು ನಡೆಸಿಕೊಂಡೇ ಬಂದ.

"ಹೆಸರು ಮೆಲ್ಲ ಅಂತ ಇಡು ಅಕ್ಕ. ಮೆಲ್ಲಗೆ ನಡೀತಾನೆ, ಕೊಟ್ಟಿದ್ದೆಲ್ಲ ಮೆಲ್ತಾನೆ. ಒಂದೇ ಹೆಸರಲ್ಲಿ ಎರಡು ಕೆಲಸ."

ಗಾಜಕ್ಕನ ಅತ್ತೆ ಜಗಲಿಯ ಮೇಲೆ ಕುಳಿತು ಕುದುರೆಯನ್ನು ಮೇಲಿಂದ ಕೆಳಗೆ ನೋಡಿದಳು. ಅವಳ ಬಾಯಲ್ಲಿ ಒಂದು ಹಲ್ಲೂ ಇರಲಿಲ್ಲ, ಮಾತಿಗೆ ಮಾತ್ರ ಯಾವ ಕೊರತೆಯೂ ಇರಲಿಲ್ಲ. "ದಾನಕ್ಕೆ ಬಂದ ಎಮ್ಮೆಯ ಹಲ್ಲು ಎಣಿಸ್ಬಾರ್ದು. ಕಟ್ಟಿ ಹಾಕು" ಎಂದಳು. ಯಾರೂ ಎಣಿಸಲಿಲ್ಲ.

ಮೆಲ್ಲ ಬಂದ ಮೇಲೆ ಗಾಡಿಯಲ್ಲಿ ಗಾಜು ಒಡೆಯುವುದು ನಿಂತೇಹೋಯಿತು. ಮದುವೆಯ ಕನ್ನಡಿಗಳು, ಶಾಲೆಯ ಕಿಟಕಿಗಳು, ಆಸ್ಪತ್ರೆಯ ಬಾಗಿಲಿನ ಉದ್ದನೆಯ ಹಾಳೆಗಳು, ಎಲ್ಲವೂ ಅವನ ಬೆನ್ನ ಹಿಂದೆ ಏರು ಹತ್ತಿದವು, ಇಳಿಜಾರು ಇಳಿದವು. ನಾಲ್ಕು ಕಾಲೂ ಒಂದೇ ದನಿಯಲ್ಲಿ ಟಕಟಕ ಎನ್ನುವುದು ಓಣಿಯ ತಿರುವಿನಾಚೆಯೇ ಕೇಳುತ್ತಿತ್ತು. ಆಗ ಹೆಂಗಸರು ಒಣಹಾಕಿದ ಬಟ್ಟೆ ಸರಿಸಿ ದಾರಿ ಬಿಡುತ್ತಿದ್ದರು.

ಆಮೇಲೆ ಗಂಡನಿಗೆ ಗಂಟಲಲ್ಲಿ ಗಡ್ಡೆ ಕಂಡಿತು. ಮೊದಲು ಗಟ್ಟಿ ಪದಾರ್ಥ ಇಳಿಯದಾಯಿತು, ಆಮೇಲೆ ಮೆತ್ತನೆಯದು, ಕೊನೆಗೆ ನೀರು. ಗಾಜಕ್ಕ ಬೇಯಿಸಿದ್ದನ್ನು ಮತ್ತೆ ಬೇಯಿಸಿದಳು, ಅರೆದಳು, ಬಟ್ಟೆಯಲ್ಲಿ ಸೋಸಿದಳು, ಚಮಚದ ತುದಿಯಿಂದ ತುಟಿ ಒದ್ದೆ ಮಾಡಿದಳು. ದಿನವೂ ಟಾರ್ಚ್ ಹಿಡಿದು ಅವನ ಬಾಯೊಳಗೆ ನೋಡಿ, ಹುಣ್ಣಿಗೆ ಔಷಧಿ ಹಚ್ಚಬೇಕಿತ್ತು. ತಟ್ಟೆ ತುಂಬಿದ್ದು ತುಂಬಿದ ಹಾಗೇ ಒಳಗೆ ವಾಪಸ್ ಬರುತ್ತಿತ್ತು. ಅವನು ಹೋದ ಮೇಲೂ ಅವಳ ಕಣ್ಣಿಗೆ ಕಟ್ಟಿದ್ದು ಅವನ ಮುಖವಲ್ಲ, ಆ ತಟ್ಟೆ. ಯಾರೇ ಊಟದ ಮಧ್ಯೆ ಕೈ ನಿಲ್ಲಿಸಿದರೂ ಅವಳ ಮುಖ ಬಿಳಿಚಿಕೊಳ್ಳುತ್ತಿತ್ತು. ಅತ್ತೆಯಂತೂ ಸೊಸೆಯ ಹೆದರಿಕೆಗೇ ಹಸಿವಿಲ್ಲದಿದ್ದರೂ ಉಣ್ಣುತ್ತಿದ್ದಳು.

ಇಂಥ ಹೊತ್ತಿನಲ್ಲಿ ಮೆಲ್ಲ ಹುಲ್ಲು ಬಿಡತೊಡಗಿದ.

ಲಾಯವೆಂದರೆ ಮನೆಯ ಹಿಂದಿನ ತಗಡಿನ ಚಪ್ಪರ. ಅದನ್ನು ಗುಡಿಸಲು ಹೋದಾಗ ಮೂಲೆಯಲ್ಲಿ ಹಸಿರು ಉಂಡೆಗಳು ಬಿದ್ದಿದ್ದವು. ಅರ್ಧ ಜಗಿದ ಹುಲ್ಲು, ಜೊಲ್ಲಿನಲ್ಲಿ ನೆನೆದು ಮುದುಡಿ, ಬಾಯಿಂದ ಜಾರಿ ಬಿದ್ದದ್ದು. ಹುಲ್ಲು ಒರಟಾಗಿರಬೇಕೆಂದು ಅವಳು ಬೇರೆ ಕಡೆಯಿಂದ ತರಿಸಿದಳು. ಉಂಡೆಗಳು ಬೀಳುತ್ತಲೇ ಇದ್ದವು. ಮೇಯುವಾಗ ಅವನು ತಲೆಯನ್ನು ಎಡಕ್ಕೆ ವಾಲಿಸಿಕೊಳ್ಳುತ್ತಿದ್ದ. ಗಾಡಿಗೆ ಕಟ್ಟಿದರೂ ಕತ್ತು ಸ್ವಲ್ಪ ಎಡಕ್ಕೇ. ಗಾಜಕ್ಕ ನಡೆಯುತ್ತಿದ್ದದ್ದು ಆ ಪಕ್ಕದಲ್ಲೇ. "ನೋಡಿ, ನಾನು ಮಾತಾಡಿದ್ರೆ ಕಿವಿಗೊಟ್ಟು ಕೇಳ್ತಾನೆ" ಎಂದು ಅಂಗಡಿಯವರಿಗೆ ಹೇಳಿಕೊಂಡಳು. ಹೊಸದಾಗಿ ಒಂಟಿಯಾದವಳಿಗೆ ಅದು ಎಷ್ಟು ಹಿತವಾಗಿತ್ತೆಂದರೆ, ಅದಕ್ಕೆ ಬೇರೆ ಕಾರಣ ಇರಬಹುದೆಂದು ಹೊಳೆಯಲೇ ಇಲ್ಲ.

"ಹಲ್ಲು ಹೋಗಿರ್ಬೇಕು ಕಣೇ" ಎಂದಳು ಅತ್ತೆ. "ವಯಸ್ಸಾಯ್ತು ಅದಕ್ಕೂ. ನನಗೆ ಬ್ರೆಡ್ಡು ನೆನೆಸಿ ಕೊಡ್ತೀಯಲ್ಲ, ಹಾಗೇ ಅದಕ್ಕೂ ಕೊಡು. ನಾನು ಬದುಕಿಲ್ವಾ?"

ಬಾಯಿ ತೆರೆಸಿ ನೋಡಬಹುದಿತ್ತು. ಗಾಜಕ್ಕ ಒಮ್ಮೆ ತುಟಿಯ ತನಕ ಕೈ ತೆಗೆದುಕೊಂಡು ಹೋದಳು. ಒಳಗಿಂದ ಒಂದು ಕೆಟ್ಟ ವಾಸನೆ ಬಂತು, ಅವಳಿಗೆ ಚೆನ್ನಾಗಿ ಗುರುತಿದ್ದ ವಾಸನೆ. ಕೈ ಹಿಂದಕ್ಕೆ ಬಂತು. ಇನ್ನೊಂದು ಬಾಯಿಯೊಳಗೆ ಇಣುಕುವ ಶಕ್ತಿ ಅವಳಲ್ಲಿ ಉಳಿದಿರಲಿಲ್ಲ.

ಅವಳು ಕಾಳು ನೆನೆಸಿದಳು. ಮೊದಲು ಒಂದು ಬೊಗಸೆ, ಆಮೇಲೆ ಅರ್ಧ ಬಕೆಟ್ಟು, ಆಮೇಲೆ ಬಕೆಟ್ಟು ತುಂಬ. ಬೇಕರಿಯಿಂದ ಹಳೆಯ ಬ್ರೆಡ್ಡಿನ ಚೂರುಗಳು ಬಂದವು. ಮೇಲೆ ಸಿಹಿಗೆಂದು ಕಾಕಂಬಿ ಸುರಿದಳು. ಮೆಲ್ಲ ಬಕೆಟ್ಟಿನ ತಳ ನೆಕ್ಕಿದ. ನಾಲಿಗೆ ತಳಕ್ಕೆ ತಾಗುವ ಸದ್ದನ್ನು ಅವಳು ಚಪ್ಪರದ ಕಂಬಕ್ಕೆ ಒರಗಿ ಕೊನೆಯ ತನಕ ಕೇಳುತ್ತಿದ್ದಳು. ಕೆಲವೇ ತಿಂಗಳಲ್ಲಿ ಅವನ ಮೈ ಎಣ್ಣೆ ಸವರಿದ ಹಾಗೆ ಮಿಂಚಿತು, ಕತ್ತು ದಪ್ಪಗಾಯಿತು. ಬೀದಿಯವರೆಲ್ಲ ಹೊಗಳಿದರು. ಸುಳ್ಳೇಕೆ, ನಾನೂ ಹೊಗಳಿದ್ದೇನೆ. "ನಿಮ್ಮ ಕೈಗುಣ" ಎಂದಾಗ ಅವಳು ನಕ್ಕಿದ್ದಳು. ಗಂಡ ಹೋದ ಮೇಲೆ ಅವಳು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

ತಮ್ಮ ಲಾಳ ಬದಲಿಸಲು ಬರುತ್ತಿದ್ದ. ಮುಂದಿನ ಎಡಗಾಲಿನ ಗೊರಸು ಒಂದು ಬದಿಗೆ ಹೆಚ್ಚು ಸವೆದು ಅಗಲವಾಗುತ್ತಿದ್ದದ್ದು ಅವನ ಕಣ್ಣಿಗೆ ಬಿತ್ತು. ಅವನು ಕೊಯ್ದು, ಅರ ಹಾಕಿ ಉಜ್ಜಿ, ಸಮ ಮಾಡಿ ಲಾಳ ಹೊಡೆದ. ಮುಂದಿನ ಸಲ ಬಂದಾಗ ಮತ್ತೆ ಹಾಗೇ ಆಗಿತ್ತು. ಮತ್ತೆ ಸಮ ಮಾಡಿದ. ವಕ್ರ ಕಂಡರೆ ನೆಟ್ಟಗೆ ಮಾಡುವುದು ಅವನ ಕಸುಬು; ಅದನ್ನು ಅವನು ಊರಲ್ಲೇ ಎಲ್ಲರಿಗಿಂತ ಚೆನ್ನಾಗಿ ಮಾಡುತ್ತಿದ್ದ. ಯಾಕೆ ವಕ್ರವಾಯಿತು ಎಂದು ತಲೆಯೆತ್ತಿ ಕತ್ತಿನ ಕಡೆ ನೋಡಲಿಲ್ಲ.

ಆದರೆ ಒಂದು ಬೇಸಿಗೆಯಲ್ಲಿ ಅವನು ಗೊರಸು ತೊಡೆಯ ಮೇಲಿಟ್ಟುಕೊಂಡು ತಿರುಗಿಸಿ ತಿರುಗಿಸಿ ನೋಡಿದ. ಗೊರಸಿನ ಮೇಲೆ ಸುತ್ತಲೂ ಉಂಗುರದಂಥ ಗೆರೆಗಳು ಎದ್ದಿದ್ದವು. ಅಂಗೈ ಇಟ್ಟರೆ ಬಿಸಿ.

"ಅಕ್ಕ, ಕಾಳು ನಿಲ್ಸು" ಎಂದ. "ಕಾಲಿಗೆ ಇಳೀತಿದೆ."

"ತಿನ್ನೋದು ಹೊಟ್ಟೆಗೆ, ಕಾಲಿಗೆ ಹೇಗೆ ಇಳಿಯುತ್ತೆ?"

"ಇಳಿಯುತ್ತೆ. ನಾನು ಬೇರೆ ಕುದುರೆಗಳಲ್ಲಿ ನೋಡಿದೀನಿ. ಬರೀ ಹುಲ್ಲು ಹಾಕು, ಸಾಕು."

"ಹುಲ್ಲು ತಿನ್ನಲ್ಲ ಅವನು."

"ಹಸಿವಾದ್ರೆ ತಿಂತಾನೆ. ನೀನು ಮುದ್ದು ಮಾಡಿ ಕೆಡಿಸಿದೀಯ."

ಗಾಜಕ್ಕನ ಕೈಯಲ್ಲಿ ಬಕೆಟ್ಟಿತ್ತು. ಅದನ್ನು ನೆಲಕ್ಕಿಟ್ಟಳು. "ಹಸಿವಾದ್ರೆ ತಿಂತಾನೆ ಅಂತೀಯ. ನಿನ್ನ ಭಾವನಿಗೆ ಹಸಿವಿರ್ಲಿಲ್ವಾ? ಒಂದು ತುತ್ತು ಇಳೀದೆ ಒದ್ದಾಡ್ತಿದ್ದಾಗ ನೀನು ಎಲ್ಲಿದ್ದೆ? ಕುಲುಮೆ ಇಲ್ಲೇ ಇದೆ, ಬಸ್ ನಿಲ್ದಾಣದ ಹಿಂದೆ. ಒಂದು ದಿನ ಬಂದು ಪಕ್ಕದಲ್ಲಿ ಕೂತ್ಯಾ? ಕಾಲು ನೋಡೋನು ಕಾಲು ನೋಡ್ಕೊಂಡಿರು. ತಿನ್ನಿಸೋ ವಿಷಯ ನನಗೆ ಹೇಳ್ಕೊಡ್ಬೇಡ."

ತಮ್ಮ ಮೊಳೆಗಳನ್ನು ಚೀಲಕ್ಕೆ ಹಾಕಿಕೊಂಡು, ಒಂದು ಕಾಲಿನ ಲಾಳವನ್ನು ಬಾಕಿ ಬಿಟ್ಟೇ ಎದ್ದು ಹೋದ. ಅವನೂ ಅಕ್ಕನಷ್ಟೇ ಹಟಮಾರಿ. ಒಂದೇ ಒಲೆಯ ಮೇಲೆ ಬೆಂದ ಅಗುಳುಗಳು. ಅವಳು ಬೇರೆ ಕೇರಿಯಿಂದ ಇನ್ನೊಬ್ಬ ಲಾಳದವನನ್ನು ಕರೆಸಿದಳು. ಆತ ಹೇಳಿದ ಕಡೆ ಹೊಡೆದು, ಕೇಳಿದ್ದಕ್ಕೆ ಹೂಂ ಅಂದು ಹೋಗುವವನು. ಬೇಸಿಗೆ ಕಳೆಯಿತು, ಮಳೆಗಾಲವೂ ಕಳೆಯಿತು. ಅಕ್ಕ ತಮ್ಮ ಎದುರಾದರೆ ಒಬ್ಬರು ರಸ್ತೆ ದಾಟಿಬಿಡುತ್ತಿದ್ದರು.

ಚಳಿ ಶುರುವಾಗುವಾಗ ಹೊಲಿಗೆ ಅಂಗಡಿಗೆ ಕನ್ನಡಿ ಒಯ್ಯುತ್ತಿದ್ದಾಗ ಚೌಕಟ್ಟಿನೊಳಗೆ ಚಟ್ ಎಂದು ಸದ್ದಾಯಿತು. ಕಂಬಳಿ ಸರಿಸಿದರೆ ಕನ್ನಡಿಯ ಮೇಲಿಂದ ಕೆಳಗೆ ಒಂದು ಗೆರೆ. ಕಲ್ಲುಹಾಸಿನ ಮೇಲೆ ಮೆಲ್ಲ ಕಾಲನ್ನು ಇಡುತ್ತಿರಲಿಲ್ಲ, ಬೆಂಕಿಯ ಮೇಲೆ ಇಟ್ಟವನಂತೆ ಎತ್ತಿಕೊಳ್ಳುತ್ತಿದ್ದ. ಅವಳು ಅದನ್ನು ಹಟವೆಂದು ತಿಳಿದಳು. ಜೇಬಿನಿಂದ ಕಾಕಂಬಿಯಲ್ಲಿ ಅದ್ದಿದ ಬ್ರೆಡ್ಡು ತೆಗೆದು ತಿನ್ನಿಸಿ, ಸವರಿ, ಪುಸಲಾಯಿಸಿ ಮನೆಯ ತನಕ ನಡೆಸಿಕೊಂಡು ಬಂದಳು. ಬರುವ ದಾರಿಯಲ್ಲಿ ಅವನು ಎಷ್ಟು ಸಲ ನಿಂತ, ಪ್ರತಿ ಸಲವೂ ತಾನೇನು ಕೊಟ್ಟೆ ಎಂಬುದನ್ನು ಆಮೇಲಿನ ದಿನಗಳಲ್ಲಿ ಅವಳು ತನಗೆ ತಾನೇ ಹೇಳಿಕೊಳ್ಳುವುದಿತ್ತು.

ಮರುದಿನ ಬೆಳಗ್ಗೆ ಮೆಲ್ಲ ವಿಚಿತ್ರವಾಗಿ ನಿಂತಿದ್ದ. ಮುಂಗಾಲುಗಳನ್ನು ಮುಂದಕ್ಕೆ ಚಾಚಿ, ಭಾರವನ್ನೆಲ್ಲ ಹಿಂಗಾಲುಗಳ ಮೇಲೆ ಹೊತ್ತು, ಕಾಣದ ಗೋಡೆಗೆ ಒರಗಿದವನಂತೆ. ಮೈಯೆಲ್ಲ ಬೆವರು. ಬಕೆಟ್ಟು ಇಟ್ಟರೆ ಮುಖ ತಿರುಗಿಸಿದ.

ಗಾಜಕ್ಕ ಚಪ್ಪಲಿ ಕೂಡ ಮೆಟ್ಟದೆ ಕುಲುಮೆಗೆ ಓಡಿದಳು. ತಮ್ಮ ಕೆಂಪಗೆ ಕಾದ ಕಬ್ಬಿಣವನ್ನು ಇಕ್ಕಳದಲ್ಲಿ ಹಿಡಿದಿದ್ದ. ಅವಳನ್ನು ನೋಡಿ ಅದನ್ನು ನೀರಿಗೆ ಬಿಟ್ಟ.

"ಮೆಲ್ಲ" ಎಂದಳು ಅವಳು.

ಅವನು ಬಂದು ಗೊರಸು ಮುಟ್ಟಿ ನೋಡಿ ಮೀನು ಮಾರುವವರ ಹತ್ತಿರ ಐಸ್ ತರಲು ಹೋದ. ಇಬ್ಬರೂ ಸೇರಿ ಮೆಲ್ಲನ ಮುಂಗಾಲುಗಳನ್ನು ಬಟ್ಟೆ ಒಗೆಯುವ ತೊಟ್ಟಿಯಲ್ಲಿ ಇಳಿಸಿ ಐಸ್ ಸುರಿದರು. ಮಧ್ಯಾಹ್ನದ ಹೊತ್ತಿಗೆ ದನಕರುಗಳ ಆಸ್ಪತ್ರೆಯ ಡಾಕ್ಟರಮ್ಮ ಬಂದಳು. ಗಟ್ಟಿಮುಟ್ಟಾದ ಹೆಂಗಸು, ತೋಳು ಮಡಚಿದ ಅಂಗಿ. ಸೂಜಿ ಚುಚ್ಚಿದಳು, ಕಾಲಿನ ನಾಡಿ ಹಿಡಿದು ನೋಡಿದಳು.

"ಏನು ಹಾಕ್ತೀರ ಇದಕ್ಕೆ?"

ಗಾಜಕ್ಕ ಹೇಳಿದಳು. ಹೇಳುತ್ತಾ ಹೇಳುತ್ತಾ ದನಿ ಸಣ್ಣದಾಯಿತು.

"ಹುಲ್ಲು?"

"ತಿನ್ನಲ್ಲ ಡಾಕ್ಟರೇ."

"ಯಾಕೆ ತಿನ್ನಲ್ಲ?"

ಗಾಜಕ್ಕ ತಮ್ಮನ ಮುಖ ನೋಡಿದಳು. ಅವನು ಅವಳ ಮುಖ ನೋಡಿದ. ಹುಲ್ಲು ತಿನ್ನಲ್ಲ ಎಂದು ಅವಳು ಹೇಳಿದ್ದಳು, ತಿಂತಾನೆ ಎಂದು ಅವನು ಹೇಳಿದ್ದ. ಯಾಕೆ ಎಂದು ಆ ಅಂಗಳದಲ್ಲಿ ಇಬ್ಬರೂ ಕೇಳಿರಲಿಲ್ಲ.

ಡಾಕ್ಟರಮ್ಮ ಮಂಪರಿನ ಔಷಧಿ ಕೊಟ್ಟು, ಬಾಯಿ ತೆರೆದು ಹಿಡಿಯುವ ಕಬ್ಬಿಣದ ಚೌಕಟ್ಟನ್ನು ಕೂರಿಸಿದಳು. ಟಾರ್ಚನ್ನು ಗಾಜಕ್ಕನ ಕಡೆ ಚಾಚಿದಳು. ಗಾಜಕ್ಕನ ಕೈ ಏಳಲಿಲ್ಲ. ತಮ್ಮ ತೆಗೆದುಕೊಂಡ.

ಬಲಗಡೆಯ ದವಡೆ ಹಲ್ಲುಗಳ ಹೊರ ಅಂಚು ಗಾಜಿನ ಚೂರಿನಂತೆ ಚೂಪಾಗಿತ್ತು. ಕೆನ್ನೆಯ ಒಳಭಾಗ ಕೊರೆದು ಹುಣ್ಣಾಗಿತ್ತು. ಕೊನೆಯ ಹಲ್ಲೊಂದು ಕೊಕ್ಕೆಯ ಹಾಗೆ ಬೆಳೆದು ಕೆಳಗಿನ ಒಸಡಿಗೆ ಚುಚ್ಚುತ್ತಿತ್ತು.

"ಕುದುರೆಯ ಹಲ್ಲು ನಮ್ಮ ಹಾಗಲ್ಲ" ಎಂದಳು ಡಾಕ್ಟರಮ್ಮ, ಬೈಯುವ ದನಿಯಲ್ಲಲ್ಲ, ದಿನಾ ಹೇಳುವವಳ ದನಿಯಲ್ಲಿ. "ಮುಪ್ಪಿನ ತನಕ ಮೇಲಕ್ಕೆ ಬರ್ತಾನೇ ಇರುತ್ತೆ, ಜಗಿದು ಸವೀಬೇಕು. ಸವೀದ ಕಡೆ ಹೀಗೆ ಅಲುಗಾಗುತ್ತೆ. ವರ್ಷಕ್ಕೊಮ್ಮೆ ಅರ ಹಾಕಿಸಿದ್ರೆ ಸಾಕು. ನೋವಿಗೆ ಇವನು ಎಡಗಡೆ ಮಾತ್ರ ಜಗಿದಿದಾನೆ, ತಲೆ ಎಡಕ್ಕೆ ಹಿಡಿದಿದಾನೆ. ಕತ್ತು ಹೋದ ಕಡೆ ಭಾರ ಹೋಗುತ್ತೆ, ಆ ಕಾಲಿನ ಗೊರಸು ಸವೆಯುತ್ತೆ. ಹುಲ್ಲು ಬಿಟ್ಟ ಅಂತ ನೀವು ಕಾಳು ಹಾಕಿದ್ರಿ. ಅಷ್ಟು ಕಾಳು, ಅಷ್ಟು ಸಿಹಿ ಇವುಗಳ ಹೊಟ್ಟೆಗೆ ಆಗಲ್ಲ. ಗೊರಸಿನೊಳಗೆ ಉರಿ ಹತ್ತುತ್ತೆ, ಮೂಳೆಯ ಹಿಡಿತ ಬಿಡುತ್ತೆ."

ಅವಳು ಚೀಲದಿಂದ ಉದ್ದ ಹಿಡಿಯ ಅರವನ್ನು ತೆಗೆದು ಹಲ್ಲುಗಳ ಅಂಚನ್ನು ಉಜ್ಜತೊಡಗಿದಳು. ಟಾರ್ಚ್ ಹಿಡಿದ ತಮ್ಮ ಅದನ್ನೇ ನೋಡುತ್ತಿದ್ದ. ಹಿಡಿಯೊಂದು ಉದ್ದವಾಗಿತ್ತೇ ಹೊರತು ತನ್ನ ಚೀಲದಲ್ಲಿದ್ದಂಥದ್ದೇ ಅರ.

ಡಾಕ್ಟರಮ್ಮ ಹೋದ ಮೇಲೆ ಅವನು ತೊಟ್ಟಿಯ ಅಂಚಿನ ಮೇಲೆ ಕುಳಿತ. "ಪ್ರತಿ ಸಲ ಎಡಗಾಲೇ ಸವೀತಿತ್ತು ಅಕ್ಕ. ನೆಟ್ಟಗೆ ಮಾಡಿ ಬೆನ್ನು ತಟ್ಕೊಂಡು ಹೋದೆ. ಅದು ಏನೋ ಹೇಳ್ತಿತ್ತು, ನಾನು ಅಳಿಸ್ತಾ ಹೋದೆ."

"ನೀನು ಕಾಳು ನಿಲ್ಸು ಅಂದೆ" ಎಂದಳು ಅವಳು. "ನಾನು ನಿಲ್ಲಿಸ್ಲಿಲ್ಲ."

"ನಿಲ್ಲಿಸಿದ್ರೂ ಹಸಿವಿನಿಂದ ಸಾಯ್ತಿದ್ದ. ಆ ಹುಣ್ಣಾದ ಬಾಯಲ್ಲಿ ಹುಲ್ಲು ತಿಂತಾನೆ ಅಂದೆ ನಾನು."

ಅತ್ತೆ ಒಳಗಿನಿಂದ ಏನೋ ಸಮಾಧಾನ ಹೇಳಲು ಬಂದವಳು ಬಾಗಿಲಲ್ಲೇ ನಿಂತು ಹಿಂದಿರುಗಿದಳು.

ಕೆನ್ನೆಯ ಹುಣ್ಣು ಬೇಗ ಮಾಯಿತು. ಒಂದು ಸಂಜೆ ಗಾಜಕ್ಕ ನೀರಲ್ಲಿ ನೆನೆಸಿ ಹಿಂಡಿದ ಹುಲ್ಲನ್ನು ಮುಂದೆ ಹಾಕಿ, ನೋಡುವ ಧೈರ್ಯವಿಲ್ಲದೆ ಅಡುಗೆಮನೆಗೆ ಬಂದಳು. ಹಿಂದಿನಿಂದ ಸದ್ದು ಕೇಳಿಸಿತು. ದವಡೆ ಎರಡೂ ಕಡೆ ಸುತ್ತಿ ಅರೆಯುವ, ಬೀಸುವ ಕಲ್ಲಿನಂಥ ಸದ್ದು, ಬಿಡದೆ, ನಿಧಾನವಾಗಿ. ಅವಳು ಹೋಗಿ ನೋಡಿದಳು. ನೆಲದ ಮೇಲೆ ಒಂದು ಉಂಡೆಯೂ ಬಿದ್ದಿರಲಿಲ್ಲ. ಮರದಪುಡಿಯ ದಪ್ಪ ಹಾಸಿನ ಮೇಲೆ, ಕಾಲು ಊರಲಾರದೆ ಮಲಗಿಕೊಂಡೇ, ಮೆಲ್ಲ ಹುಲ್ಲು ತಿನ್ನುತ್ತಿದ್ದ. ಅಂದು ಅವಳು ಅತ್ತ ಹಾಗೆ ಗಂಡ ಸತ್ತಾಗಲೂ ಅತ್ತಿರಲಿಲ್ಲ ಎಂದು ಅತ್ತೆಯೇ ಆಮೇಲೆ ನನ್ನ ಮುಂದೆ ಹೇಳಿದಳು.

ಗೊರಸಿನೊಳಗಿನ ಮೂಳೆ ಜಾರಿತ್ತು. ಅದು ಹಿಂದಿನ ಹಾಗೆ ಕೂರುವುದಿಲ್ಲ, ಹೊಸ ಗೊರಸು ಬೆಳೆಯುವ ತನಕ ಕಾದರೆ ನೋವಿಲ್ಲದೆ ನಿಂತಾನು, ಗಾಡಿ ಮಾತ್ರ ಎಳೆಯಲಾರ ಎಂದಳು ಡಾಕ್ಟರಮ್ಮ. ಅಂಗಡಿಯವರು ಮೂರು ಗಾಲಿಯ ಮೋಟಾರು ಗಾಡಿ ಕೊಂಡರು. ಗಾಜಕ್ಕನಿಗೆ ಅಂಗಡಿಯೊಳಗೇ ಕೆಲಸ ಕೊಟ್ಟರು. ಹಾಳೆಗಳ ನಡುವೆ ಕಾಗದ ಇಡುವುದು, ಅಂಚು ಉಜ್ಜುವುದು, ಗಂಡ ಬಳಸುತ್ತಿದ್ದ ಮೇಜನ್ನು ಒರೆಸಿ ಇಡುವುದು.

ತಮ್ಮ ವಾರ ತಪ್ಪದೆ ಬಂದ. ಕುಳಿತು ಗೊರಸನ್ನು ಉಗುರಿನಷ್ಟು ಉಗುರಿನಷ್ಟೇ ತೆಗೆದ. ಒಮ್ಮೆ ಅವನು ಬಗ್ಗಿ ಕೆಲಸ ಮಾಡುತ್ತಿದ್ದಾಗ ಅವಳು ಹಿಂದೆ ನಿಂತು ಹೇಳಿದಳು, "ಆ ದಿನ ನಾನು ನಿನ್ನ ಭಾವನ ವಿಷಯ ಎತ್ತಬಾರ್ದಿತ್ತು."

ಅವನು ತಲೆ ಎತ್ತಲಿಲ್ಲ. "ನೀನು ಹೇಳಿದ್ದು ಸುಳ್ಳಲ್ವಲ್ಲ. ನಾನು ಬರ್ತಿದ್ದೆ ಅಕ್ಕ. ಹೊಸಿಲ ತನಕ ಬಂದು, ಒಳಗೆ ಅವರು ಕೆಮ್ಮೋದು ಕೇಳಿ ವಾಪಸ್ ಹೋಗ್ತಿದ್ದೆ. ನೋಡೋಕೆ ಆಗ್ತಿರ್ಲಿಲ್ಲ."

"ಹೇಳ್ಬಾರ್ದಿತ್ತಾ?"

"ಏನಂತ ಹೇಳ್ಲಿ?"

ಆಮೇಲೆ ಇಬ್ಬರೂ ಆ ಮಾತು ಎತ್ತಲಿಲ್ಲ. ಅವಳಿಗೂ ಒಂದು ಬಾಯಿಯನ್ನು ನೋಡಲು ಆಗಿರಲಿಲ್ಲ ಎನ್ನುವುದು ಇಬ್ಬರಿಗೂ ಗೊತ್ತಿತ್ತು.

ಮೆಲ್ಲ ಒಂದು ವರ್ಷ ಚೆನ್ನಾಗಿದ್ದ. ಅಂಗಳದಲ್ಲಿ ನಾಲ್ಕು ಹೆಜ್ಜೆ ಹಾಕಿ ಬಿಸಿಲಿಗೆ ನಿಲ್ಲುತ್ತಿದ್ದ, ತಲೆ ನೆಟ್ಟಗೆ. ಅದನ್ನು ನೋಡಿ ಗಾಜಕ್ಕ ಒಮ್ಮೆ ನನ್ನ ಹತ್ತಿರ, "ಈಗ ನನ್ನ ಮಾತು ಕೇಳಲ್ಲ ಅವನು" ಎಂದು ನಗಲು ನೋಡಿ, ನಗಲಾಗದೆ ಒಳಗೆ ಹೋದಳು. ಮರುವರ್ಷ ಮಳೆಗೆ ಬೇಲಿಯ ಬುಡದಲ್ಲಿ ಎಳೆಯ ಹಸಿರು ಹುಲುಸಾಗಿ ಎದ್ದಿತು. ಕಣ್ಣು ತಪ್ಪಿಸಿ ಅವನು ಅದನ್ನು ಹೊಟ್ಟೆ ತುಂಬ ಮೇದುಬಿಟ್ಟ. ಎಳೆ ಹುಲ್ಲೂ ಅಂಥ ಕಾಲಿಗೆ ಕಾಳಿನಷ್ಟೇ ಕೆಟ್ಟದ್ದಂತೆ. ಗೊರಸು ಮತ್ತೆ ಕಾಯಿತು. ಈ ಸಲ ಡಾಕ್ಟರಮ್ಮ ಬಹಳ ಹೊತ್ತು ನೋಡಿ, ಚೀಲದ ಬಾಯಿ ಮುಚ್ಚಿ, ಇನ್ನು ಇವನ ನೋವನ್ನು ಎಳೆಯುವುದು ಬೇಡ ಎಂದಳು. ಕೊನೆಯ ಸೂಜಿ ಕೊಡುವಾಗ ಗಾಜಕ್ಕ ಅವನ ತಲೆಯನ್ನು ಮಡಿಲಲ್ಲಿಟ್ಟುಕೊಂಡಿದ್ದಳು, ತಮ್ಮ ಎರಡೂ ಮುಂಗಾಲುಗಳನ್ನು ಹಿಡಿದುಕೊಂಡು ಕುಳಿತಿದ್ದ.

ಈಗಲೂ ತಮ್ಮ ಲಾಳ ಹೊಡೆಯುತ್ತಾನೆ. ಗೊರಸು ಒಂದು ಬದಿಗೆ ಸವೆದದ್ದು ಕಂಡರೆ ಸುತ್ತಿಗೆ ಕೆಳಗಿಟ್ಟು, ಮೊದಲು ಡಾಕ್ಟರಮ್ಮನಿಗೆ ಬಾಯಿ ತೋರಿಸಿಕೊಂಡು ಬನ್ನಿ ಎನ್ನುತ್ತಾನೆ. "ಕಾಲು ಮಾಡಯ್ಯ ಅಂದ್ರೆ ಹಲ್ಲಿನ ಕಥೆ ಹೇಳ್ತೀಯ" ಎಂದು ಬೈದು ಬೇರೆಯವನ ಹತ್ತಿರ ಹೋದವರೂ ಉಂಟು.

ಕಳೆದ ತಿಂಗಳು ಸವಾರಿ ಶಾಲೆಯವರು ಇನ್ನೊಂದು ಸಾಧು ಕುದುರೆ ಇದೆ, ಬೇಕಾದರೆ ಕೊಡುತ್ತೇವೆ ಎಂದು ಹೇಳಿ ಕಳಿಸಿದರು. ತಮ್ಮ ಬಂದು ಹೇಳಿದ. ಗಾಜಕ್ಕ ಅತ್ತೆಯ ತಟ್ಟೆಯಲ್ಲಿ ಉಳಿದಿದ್ದನ್ನು ಬಳಿಯುತ್ತಿದ್ದಳು.

"ಬೇಡ ಕಣೋ" ಎಂದಳು. "ನನಗೆ ತಿನ್ನಿಸೋಕೆ ಮಾತ್ರ ಬರುತ್ತೆ."

"ಈಗ ಗೊತ್ತಾಗಿದೆಯಲ್ಲ ಅಕ್ಕ."

"ಗೊತ್ತಾಗಿರೋದು ಅವನ ವಿಷಯ. ಅದರ ಉಪಯೋಗ ಅವನಿಗೆ ಸಿಗಲಿಲ್ವಲ್ಲ."

ತಮ್ಮ ಎದ್ದು ಹಿತ್ತಲಿಗೆ ಹೋಗಿ, ಗಾಳಿಗೆ ಸಡಿಲವಾಗಿದ್ದ ಚಪ್ಪರದ ತಗಡಿಗೆ ಎರಡು ಮೊಳೆ ಹೊಡೆದು, ಕತ್ತಲಾಗುವ ಮೊದಲೇ ಮನೆಗೆ ಹೊರಟ.